ಕಾಕಾ ಆಪೆರಾ ನೋಡಿದ ಸಂಜೆ

ಯಾದಗಿರಿ ಜಿಲ್ಲೆಯ ಸುರಪುರದ ಹತ್ತಿರ ನಮ್ಮೂರು. ಕಾಕಾ ಅಲ್ಲಿನ ಬಯಲಾಟದ ಮೇಳಕ್ಕೆ ಹಾರ್ಮೋನಿಯಂ ನುಡಿಸುತ್ತಿದ್ದವರು. ದೀಪಾವಳಿಗೆ ಹೋದಾಗ ಮೊಬೈಲನ್ನು ಟಿವಿಗೆ ಜೋಡಿಸಿ ಅವರಿಗೆ ‘ಕಾರ್ಮೆನ್’ ಆಪೆರಾ, ಅಂದರೆ ಹಾಡಿನಲ್ಲೇ ಕಥೆ ನಡೆಸೋ ಪಾಶ್ಚಾತ್ಯರ ಆಟ, ತೋರಿಸಿದೆ. ಹಾಡು ಫ್ರೆಂಚ್, ಕೆಳಗಿನ ಸಾಲು ಇಂಗ್ಲಿಷ್, ಕನ್ನಡ ಹೇಳೋ ಕೆಲಸ ನನ್ನದು.

ಕಥೆ ಅವರಿಗೆ ಬೇಗ ಸಿಕ್ಕಿತು. ಸಿಗರೇಟ್ ಕಾರ್ಖಾನೆಯಲ್ಲಿ ದುಡಿಯೋ ಹೆಣ್ಣು, ಅವಳ ಹಿಂದೆ ಬಿದ್ದ ಸಿಪಾಯಿ. ಅವನು ದಂಡು ಬಿಟ್ಟು ಅವಳ ಜೊತೆ ಹೊರಟ ಕೂಡಲೇ ಕಾಕಾ, "ಇಂವ ಅಕಿಗಿ ಉಳಸಂಗಿಲ್ಲ ಬಿಡು" ಅಂದರು. ಹಾಗೇ ಆಯಿತು.

ಆದರೆ ಅವರು ಹುಡುಕುತ್ತಿದ್ದದ್ದೇ ಬೇರೆ. "ಮೈಕ್ ಎಲ್ಲಿ ಮುಚ್ಚಿಟ್ಟಾರ?"

ರೆಕಾರ್ಡಿಂಗಿಗೆ ಮೈಕ್ ಇರುತ್ತದೆ, ಕೂತವರಿಗೆ ಕೇಳಿಸೋದು ಸಾಮಾನ್ಯವಾಗಿ ಬರೀ ಗಂಟಲು ಅಂದೆ. ಅಷ್ಟೊಂದು ಪಿಟೀಲು, ತುತ್ತೂರಿಗಳ ನಡುವೆ? ನಂಬಲಿಲ್ಲ. ನಾದ ಎಷ್ಟು ಮೇಲಿದೆ ಅನ್ನೋದನ್ನ ಹರ್ಟ್ಸ್‌ನಲ್ಲಿ ಅಳೀತಾರೆ. ವಾದ್ಯಗಳ ಬಲವೆಲ್ಲ 500 ಹರ್ಟ್ಸ್ ಆಸುಪಾಸಿನಲ್ಲಿ ಜಾಸ್ತಿ, ಮೇಲೆ ಹೋದಂತೆ ಇಳಿಯುತ್ತದೆ. ಪಳಗಿದ ಗಾಯಕರ, ಅದರಲ್ಲೂ ಗಂಡಸರ ದನಿಯ ಬಲ 3000 ಹರ್ಟ್ಸ್ ಹತ್ತಿರ ಮತ್ತೆ ಏರುತ್ತದೆ. ವಾದ್ಯ ಸೋತ ಜಾಗದಲ್ಲಿ ದನಿ ದಾಟಿಕೊಂಡು ಬರುತ್ತದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಿಂದಕ ನಮ್ಮವ್ರೂ ಹಂಗೇ ಹಾಡ್ತಿದ್ರು. ಮೈಕ್ ಬಂತು, ಗಂಟಲು ಹೋತು" ಅಂದರು.

"ಪದ ಮುಗದಮ್ಯಾಲ ಮಾತಿಲ್ಲೇನು?" ಇದು ಮುಂದಿನ ಪ್ರಶ್ನೆ. ಎಂಥಾ ಪ್ರಶ್ನೆ! 1875ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಆಡಿದಾಗ ಕಾರ್ಮೆನ್‌ನಲ್ಲಿ ಹಾಡಿನ ನಡುವೆ ಮಾತೂ ಇತ್ತು, ನಮ್ಮ ಆಟದ ಹಾಗೇ. ಸಂಗೀತ ಕೂಡಿಸಿದ ಬಿಜೆ ಅದೇ ವರ್ಷ ತೀರಿಕೊಂಡ. ಆಮೇಲೆ ಅವನ ಗೆಳೆಯ ಗಿರೋ ಆ ಮಾತಿನ ಜಾಗಕ್ಕೂ ರಾಗ ಹಾಕಿದ. ಹೊರದೇಶಗಳಲ್ಲಿ ಓಡಿದ್ದು ಹೆಚ್ಚಾಗಿ ಆ ರೂಪವೇ.

ಅಂದರೆ ಆಪೆರಾದವರು ಬದಲಾಗದ ಮಂದಿಯೇನಲ್ಲ. 1983ರಲ್ಲಿ ಟೊರಾಂಟೊದಲ್ಲಿ ವೇದಿಕೆಯ ಮೇಲ್ಗಡೆ ಅನುವಾದದ ಸಾಲು ಹಾಕಿದರು. 2006ರಿಂದ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ ತನ್ನ ಆಟಗಳನ್ನು ಸಿನಿಮಾ ಮಂದಿರಗಳಿಗೆ ನೇರ ಕಳಿಸುತ್ತಿದೆ. ಆದರೂ ಮತ್ತೆ ಮತ್ತೆ ಆಡೋದು 1853ರ ‘ಲಾ ಟ್ರಾವಿಯಾಟಾ’, ಈ ಕಾರ್ಮೆನ್, 1896ರ ‘ಲಾ ಬೊಹೆಮ್’. ಹೊಸವನ್ನೂ ಬರೀತಾರೆ. ಒಂದೆರಡು ಕಡೆ ಆಡಿ ಮೂಲೆ ಸೇರೋದೇ ಜಾಸ್ತಿ.

ರೊಕ್ಕ ಯಾರು ಕೊಡ್ತಾರ ಅಂತ ಕಾಕಾ ಕೇಳಿದರು. ಟಿಕೆಟ್ಟಿನಿಂದ ಖರ್ಚು ಹುಟ್ಟೋದಿಲ್ಲ, ಯುರೋಪಿನಲ್ಲಿ ಸರ್ಕಾರ, ಅಮೆರಿಕದಲ್ಲಿ ದಾನಿಗಳು ಅಂದೆ.

"ತಿಳೀತು. ಪಟ್ಟಿ ರೊಕ್ಕ ಕೊಟ್ಟಾವ ಹಳೇ ಆಟಾನೇ ಕೇಳ್ತಾನ. ಗೊತ್ತಿಲ್ಲದ ಆಟಕ್ಕ ಯಾರು ರೊಕ್ಕ ಬಿಚ್ಚತಾರ?"

ಆಪೆರಾದ ಭವಿಷ್ಯದ ಬಗ್ಗೆ ನಾನು ಓದಿದ ಎಷ್ಟೋ ಲೇಖನಗಳಿಗಿಂತ ಇದು ನೇರವಾಗಿತ್ತು. ಪರದೆಯಿಂದ ಹೊಸ ಪ್ರೇಕ್ಷಕರು ಬರಬಹುದಲ್ವಾ ಅಂತ ವಾದ ಹೂಡಿದೆ. ಅವರು ರಿಮೋಟ್ ಎತ್ತಿ ತೋರಿಸಿದರು. "ಸೌಂಡ್ ನನ್ನ ಕೈಯಾಗದ. ಅವನ ಗಂಟಲು ಎಷ್ಟು ದೊಡ್ಡದು ಅಂತ ಹ್ಯಾಂಗ ತಿಳೀತದ?" ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಷ್ಟಕ್ಕೇ ಬಿಡಲಿಲ್ಲ. ಜಾತ್ರೆ ಆಟದಲ್ಲಿ ಒಂದು ಪದವಾದರೂ ಮೈಕ್ ಬಿಟ್ಟು ಹಾಡ್ರಿ ಅಂತ ಮೇಳದ ಹುಡುಗರಿಗೆ ಫೋನ್ ಹಚ್ಚಿದರು. ಹುಡುಗರು ಒಪ್ಪಲಿಲ್ಲ. ಸೌಂಡ್ ಸಿಸ್ಟಮ್‌ನವನಿಗೆ ಆಗಲೇ ಮುಂಗಡ ಕೊಟ್ಟಿದ್ದರಂತೆ.