ನೆಲದ ಮೇಲೆ ಬಿದ್ದಿದ್ದ ಬ್ಲೇಡು

ಸ್ನಾತಕೋತ್ತರ ಪದವಿಯ ದಿನಗಳಲ್ಲಿ ನಾನು ಎರವಲು ತಂದ ಒಂದು ಶಾಸನ ಸಂಪುಟದಲ್ಲಿ, ನನಗೆ ಬೇಕಾಗಿದ್ದ ಪುಟಗಳನ್ನೇ ಯಾರೋ ಬುಡಕ್ಕೆ ಸರಿಯಾಗಿ ಬ್ಲೇಡಿನಿಂದ ಕತ್ತರಿಸಿಕೊಂಡು ಹೋಗಿದ್ದರು. ಆ ಸಂಕಟ ಇನ್ನೂ ಆರಿಲ್ಲ. ಆದ್ದರಿಂದಲೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪ್ರಕರಣ ನನ್ನನ್ನು ಮತ್ತೆ ಮತ್ತೆ ಕಾಡುತ್ತದೆ.

2005ರ ಜೂನ್ ತಿಂಗಳಲ್ಲಿ ಅಲ್ಲಿನ ಬೈನೆಕಿ ಗ್ರಂಥಾಲಯದ ಸಿಬ್ಬಂದಿಯೊಬ್ಬರಿಗೆ ವಾಚನಾಲಯದ ನೆಲದ ಮೇಲೆ ಒಂದು ಬ್ಲೇಡು ಕಾಣಿಸಿತು. ಅಂದು ಅಲ್ಲಿ ಅಪರೂಪದ ಪುಸ್ತಕಗಳನ್ನು ಪರಿಶೀಲಿಸುತ್ತಿದ್ದವರು ಹಳೆಯ ನಕ್ಷೆಗಳ ಹೆಸರಾಂತ ವ್ಯಾಪಾರಿ ಫೋರ್ಬ್ಸ್ ಸ್ಮೈಲಿ. ಹಾರ್ವರ್ಡ್ ಮತ್ತು ಬ್ರಿಟಿಷ್ ಲೈಬ್ರರಿಯೂ ಸೇರಿದಂತೆ ಹಲವು ಗ್ರಂಥಾಲಯಗಳಿಂದ 97 ನಕ್ಷೆಗಳನ್ನು ಕದ್ದಿದ್ದಾಗಿ ಅವರು ಒಪ್ಪಿಕೊಂಡರು. 2006ರಲ್ಲಿ ಮೂರೂವರೆ ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು.

ನನ್ನ ಮಟ್ಟಿಗೆ ಇಲ್ಲಿ ಅತ್ಯಂತ ನೋವಿನ ಸಂಗತಿಯೆಂದರೆ ನಂಬಿಕೆಯ ದುರುಪಯೋಗ. ಕದ್ದವರು ಗೋಡೆ ಹಾರಿ ಬಂದ ಅಪರಿಚಿತರಲ್ಲ, ವಿದ್ವಾಂಸರೆಂದು ಗೌರವಿಸಿ ಬರಮಾಡಿಕೊಳ್ಳಲ್ಪಟ್ಟವರು. ಇಡೀ ಪುಸ್ತಕ ಮಾಯವಾದರೆ ಕಪಾಟಿನಲ್ಲಿ ತೆರವು ಕಾಣುತ್ತದೆ. ಆದರೆ ದಪ್ಪನೆಯ ಭೂಪಟ ಸಂಪುಟದಿಂದ ಒಂದೇ ಹಾಳೆ ಹೋದರೆ, ಅದರೊಳಗಿನ ಪ್ರತಿಯೊಂದು ನಕ್ಷೆಯನ್ನೂ ಪ್ರತ್ಯೇಕವಾಗಿ ಸೂಚಿಯಲ್ಲಿ ದಾಖಲಿಸದಿದ್ದಲ್ಲಿ, ಮುಂದಿನ ಓದುಗ ಅದೇ ಪುಟವನ್ನು ಹುಡುಕುವವರೆಗೂ ಯಾರಿಗೂ ತಿಳಿಯುವುದಿಲ್ಲ. ಪ್ರತಿ ಹಾಳೆಯನ್ನೂ ಸ್ಕ್ಯಾನ್ ಮಾಡಿಡುವ ಕೆಲಸವನ್ನು ನಾನು ಬಹಳ ಮುಖ್ಯವೆಂದು ಭಾವಿಸುವುದು ಈ ಕಾರಣಕ್ಕೆ: ಹುಳು ಕೊರೆದ ತೂತು, ಮಡಿಕೆಯ ಗೆರೆ, ನೀರಿನ ಕಲೆ ಇವೆಲ್ಲ ಕದ್ದ ಹಾಳೆ ಯಾವ ಪ್ರತಿಯದೆಂದು ಗುರುತಿಸಲು ನೆರವಾಗುತ್ತವೆ. ನಕ್ಷೆ ಮರಳಿ ಸಿಕ್ಕರೂ ಕತ್ತರಿಸಿದ ಅಂಚು ಮಾತ್ರ ಹಾಗೆಯೇ ಉಳಿಯುತ್ತದೆ.