ಬುಟ್ರೋಸ್ ಘಾಲಿಯನ್ನು ಕ್ರೈಸ್ತ ಅಂತ ಕೊಂದರಾ?

ಈಜಿಪ್ಟಿನ ಇತಿಹಾಸ ಬರೆಯುವವರು ಈ ಹೆಸರು ಎತ್ತಿದ ಕೂಡಲೇ ಎರಡು ಪ್ರಶ್ನೆ ಎದುರಾಗುತ್ತವೆ. ಮೊದಲನೆಯದು, ‘ವಿಶ್ವಸಂಸ್ಥೆಯಲ್ಲಿದ್ದರಲ್ಲ, ಅವರಾ?’ ಅವರಲ್ಲ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದವರು ಮೊಮ್ಮಗ. 2016ರಲ್ಲಿ ತೊಂಬತ್ತು ದಾಟಿ ತೀರಿಕೊಂಡರು. 1910ರಲ್ಲಿ ಕೈರೋದಲ್ಲಿ ಗುಂಡೇಟಿಗೆ ಬಲಿಯಾದ ಪ್ರಧಾನಿ ಅವರ ಅಜ್ಜ, ಬುಟ್ರೋಸ್ ಘಾಲಿ ಪಾಷಾ. ಇಷ್ಟು ಹೇಳಿ ಮುಗಿಸುವ ಮೊದಲೇ ಎರಡನೆಯದು ಬರುತ್ತದೆ: ‘ಕ್ರೈಸ್ತ ಅಂತ ತಾನೇ ಮುಸ್ಲಿಮನೊಬ್ಬ ಕೊಂದಿದ್ದು?’

ಉತ್ತರವನ್ನು ಜೇಬಿನಲ್ಲಿಟ್ಟುಕೊಂಡು ಬಂದವರು ಕೇಳುವ ಪ್ರಶ್ನೆ ಇದು. ಅವರಿಗೆ ಬೇಕಿರುವುದು ನಾನು ತಲೆಯಾಡಿಸುವುದು ಮಾತ್ರ. ಆಡಿಸುವುದಿಲ್ಲ.

ಕೊಂದವನು ಇಬ್ರಾಹಿಂ ನಾಸಿಫ್ ಅಲ್-ವರ್ದಾನಿ. ಸ್ವಿಟ್ಜರ್ಲೆಂಡಿನಲ್ಲಿ ಓದಿ ಬಂದ ಯುವ ಔಷಧಿ ತಜ್ಞ, ರಹಸ್ಯ ಸಂಘವೊಂದರ ಸದಸ್ಯ. ಓಡಿಹೋಗಲಿಲ್ಲ, ತಪ್ಪೊಪ್ಪಿಕೊಂಡ, ಕಾರಣಗಳನ್ನೂ ಹೇಳಿದ. ಅವು ನಾಲ್ಕು: ಸುಡಾನ್ ಒಪ್ಪಂದ, ದಿನ್ಶವಾಯ್ ತೀರ್ಪು, ಪತ್ರಿಕಾ ಕಾನೂನು, ಸೂಯೆಜ್ ಕಾಲುವೆ.

1899ರ ಜನವರಿ 19ರಂದು ಸುಡಾನನ್ನು ಬ್ರಿಟನ್ ಮತ್ತು ಈಜಿಪ್ಟ್ ಜಂಟಿಯಾಗಿ ಆಳುವ ಒಪ್ಪಂದಕ್ಕೆ, ಈಜಿಪ್ಟಿನಲ್ಲಿದ್ದ ಬ್ರಿಟಿಷ್ ಪ್ರತಿನಿಧಿ ಲಾರ್ಡ್ ಕ್ರೋಮರ್ ಜೊತೆ ಸಹಿ ಹಾಕಿದ್ದು ವಿದೇಶಾಂಗ ಮಂತ್ರಿ ಘಾಲಿ. ಗವರ್ನರ್ ಜನರಲ್‌ನ ನೇಮಕದ ಆದೇಶ ಈಜಿಪ್ಟಿನ ಅರಸ ಖೆದೀವನದು, ಹೆಸರು ಸೂಚಿಸುವುದು ಬ್ರಿಟನ್. ಹೀಗಿತ್ತು ಆ ಜಂಟಿತನ.

ದಿನ್ಶವಾಯ್ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. 1906ರ ಜೂನ್ 13ರಂದು ನೈಲ್ ಮುಖಜಭೂಮಿಯ ಈ ಹಳ್ಳಿಗೆ ಬ್ರಿಟಿಷ್ ಸೇನಾಧಿಕಾರಿಗಳು ಪಾರಿವಾಳ ಹೊಡೆಯಲು ಹೋದರು. ಪಾರಿವಾಳಗಳು ಹಳ್ಳಿಯವರು ಸಾಕಿದವು. ಗಲಾಟೆಯಲ್ಲಿ ಬಂದೂಕು ಹಾರಿ ಹೆಂಗಸೊಬ್ಬಳಿಗೆ ಗಾಯವಾಯಿತು, ಜನ ದೊಣ್ಣೆ ಹಿಡಿದು ನುಗ್ಗಿದರು. ತಲೆಗೆ ಪೆಟ್ಟು ಬಿದ್ದ ಕ್ಯಾಪ್ಟನ್ ಬುಲ್ ಸುಡುಬಿಸಿಲಲ್ಲಿ ಶಿಬಿರದ ಕಡೆ ಓಡಿ, ಕುಸಿದು ಸತ್ತ. ಎರಡು ವಾರದೊಳಗೆ ವಿಶೇಷ ನ್ಯಾಯಾಲಯ ಕೂತಿತು: ಮೂವರು ಬ್ರಿಟಿಷರು, ಇಬ್ಬರು ಈಜಿಪ್ಟಿನವರು, 52 ಆರೋಪಿಗಳು, ಮೇಲ್ಮನವಿಗೆ ಅವಕಾಶವೇ ಇಲ್ಲ. ಜೂನ್ 28ರಂದು ನಾಲ್ವರನ್ನು ಮನೆಯವರ ಕಣ್ಣೆದುರೇ ನೇಣಿಗೇರಿಸಿದರು. ಒಬ್ಬನ ದೇಹ ನೇತಾಡುತ್ತಿರುವಾಗಲೇ ಅದರ ಮುಂದೆ ಇನ್ನಿಬ್ಬರಿಗೆ ಛಡಿಯೇಟು, ಆಮೇಲೆ ಮುಂದಿನವನ ಸರದಿ. ಆ ನ್ಯಾಯಾಲಯದ ಅಧ್ಯಕ್ಷ ಘಾಲಿ. ಆಗ ನ್ಯಾಯಾಂಗ ಖಾತೆಯ ಪ್ರಭಾರ ಆತನ ಕೈಲಿತ್ತು.

1908ರ ನವೆಂಬರಿನಲ್ಲಿ ಪ್ರಧಾನಿಯಾದ ಮೇಲೆ, ಪತ್ರಿಕೆಗಳ ಬಾಯಿಗೆ ಬೀಗ ಹಾಕುವ 1881ರ ಕಾನೂನಿಗೆ ಮರುಜೀವ ಬಂತು. ಬಳಿಕ ಕಾಲುವೆ. 1968ಕ್ಕೆ ಮುಗಿಯಬೇಕಿದ್ದ ಸೂಯೆಜ್ ಕಂಪನಿಯ ಗುತ್ತಿಗೆಯನ್ನು 2008ರವರೆಗೆ ಬೆಳೆಸುವುದು, ಬದಲಿಗೆ ಸರ್ಕಾರಕ್ಕೆ 40 ಲಕ್ಷ ಪೌಂಡ್ ಮತ್ತು ಲಾಭದಲ್ಲಿ ಪಾಲು. ರಾಷ್ಟ್ರೀಯವಾದಿ ನಾಯಕ ಮೊಹಮ್ಮದ್ ಫರೀದ್ ಈ ಗುಟ್ಟನ್ನು ಪತ್ರಿಕೆಯಲ್ಲಿ ಬಯಲು ಮಾಡಿದ ಮೇಲೆ ಕೈರೋ ಕುದಿಯಿತು.

ಇಲ್ಲಿ ಬುದ್ಧಿವಂತರು ಅಡ್ಡಪ್ರಶ್ನೆ ಹಾಕುತ್ತಾರೆ: ದಿನ್ಶವಾಯ್ ಪೀಠದಲ್ಲಿ ಮುಸ್ಲಿಮನೂ ಇದ್ದನಲ್ಲ, ಅವನನ್ನು ಯಾಕೆ ಕೊಲ್ಲಲಿಲ್ಲ? ಇದ್ದ. ಮುಂದೆ ಪ್ರಧಾನಿಯಾದ ರಾಷ್ಟ್ರೀಯವಾದಿ ನಾಯಕ ಸಾದ್ ಜಗ್ಲೂಲನ ತಮ್ಮ ಅಹ್ಮದ್ ಫತ್ಹಿ ಜಗ್ಲೂಲ್. 1910ರ ಫೆಬ್ರವರಿ 20ರ ಮಧ್ಯಾಹ್ನ ಘಾಲಿ ಕಚೇರಿಯಿಂದ ಹೊರಬಂದಾಗ ಅದೇ ಫತ್ಹಿ ಜೊತೆಯಲ್ಲೇ ಇದ್ದ. ಮೆಟ್ಟಿಲ ಬಳಿ ಅವರನ್ನೆಲ್ಲ ಬೀಳ್ಕೊಟ್ಟು ಘಾಲಿ ಗಾಡಿ ಹತ್ತುವಷ್ಟರಲ್ಲಿ ವರ್ದಾನಿ ಹತ್ತಿರ ಬಂದು ಗುಂಡು ಹಾರಿಸಿದ. ಘಾಲಿ ಮರುದಿನ ಬೆಳಿಗ್ಗೆ ಸತ್ತ. ಫತ್ಹಿಯ ಮೇಲಿದ್ದದ್ದು ನಾಲ್ಕರಲ್ಲಿ ಒಂದು ಆರೋಪ. ಘಾಲಿಯ ಮೇಲೆ ನಾಲ್ಕೂ ಇದ್ದವು.

ಯಾರಾದರೂ ಕೇಳಲಿ ಎಂದು ನಾನು ಕಾಯುವ ಪ್ರಶ್ನೆ ಬೇರೆಯೇ ಇದೆ: ದೇಶವನ್ನು ಬ್ರಿಟಿಷರೇ ಆಳುತ್ತಿದ್ದಾಗ ಈಜಿಪ್ಟಿನವನ ಸಹಿ ಯಾಕೆ ಬೇಕಿತ್ತು?

ಕಾಗದದ ಮೇಲೆ ಈಜಿಪ್ಟ್ ಬ್ರಿಟಿಷರದ್ದಾಗಿರಲೇ ಇಲ್ಲ. 1882ರಲ್ಲಿ ಸೈನ್ಯ ಇಳಿಸಿದ ಮೇಲೂ ಅದು ತುರ್ಕಿ ಸುಲ್ತಾನನ ಪ್ರಾಂತ, ಆಳುವವನು ಖೆದೀವ. ಕ್ರೋಮರ್‌ನ ಹುದ್ದೆ ಬರೀ ಕಾನ್ಸಲ್ ಜನರಲ್. ಮುಖ್ಯ ಇಲಾಖೆಗಳಲ್ಲಿ ಮಂತ್ರಿಯ ಪಕ್ಕ ಒಬ್ಬ ಬ್ರಿಟಿಷ್ ‘ಸಲಹೆಗಾರ’. 1884ರಲ್ಲಿ ಲಂಡನ್ನಿನ ವಿದೇಶಾಂಗ ಸಚಿವ ಗ್ರಾನ್ವಿಲ್ ಸ್ಪಷ್ಟವಾಗಿ ಬರೆದು ಕಳಿಸಿದ್ದ: ಸಲಹೆ ಪಾಲಿಸದ ಮಂತ್ರಿ ಕುರ್ಚಿಯಲ್ಲಿ ಇರಕೂಡದು. ಹೀಗಾಗಿ ನಿರ್ಧಾರ ಅವರದು, ರುಜು ಇವರದು, ಜನರ ಸಿಟ್ಟು ತಿರುಗುವುದು ರುಜುವಿನ ಕಡೆಗೆ. ಕಾಲುವೆಯ ಲೆಕ್ಕಾಚಾರವೂ ಬ್ರಿಟಿಷ್ ಹಣಕಾಸು ಸಲಹೆಗಾರನದೇ.

ಘಾಲಿಗೆ ಬೇರೆ ದಾರಿ ಇರಲಿಲ್ಲ ಎಂದರೆ ಒಪ್ಪಲಾರೆ. ಅದೇ 1884ರಲ್ಲಿ, ಸುಡಾನ್ ಬಿಟ್ಟುಬನ್ನಿ ಎಂಬ ಸಲಹೆ ಬಂದಾಗ ಪ್ರಧಾನಿ ಶರೀಫ್ ಪಾಷಾ ರಾಜೀನಾಮೆ ಕೊಟ್ಟು ನಡೆದ. ಘಾಲಿ 1893ರಿಂದ ಸಾಯುವವರೆಗೂ ಮಂತ್ರಿ. ನಾಲ್ವರ ನೇಣಿನ ತೀರ್ಪು ಮುಂದಿದ್ದಾಗಲೂ ಎದ್ದು ಹೋಗಲಿಲ್ಲ. ಇದಕ್ಕೂ ಆತ ಕಾಪ್ಟಿಕ್ (ಈಜಿಪ್ಟಿನ ಪ್ರಾಚೀನ ಚರ್ಚಿನ) ಕ್ರೈಸ್ತನಾಗಿದ್ದಕ್ಕೂ ಏನು ಸಂಬಂಧ?

ಧರ್ಮ ಬಂದದ್ದು ಕೊಲೆಯ ನಂತರ, ಜೋರಾಗಿಯೇ ಬಂತು. ‘ಕ್ರೈಸ್ತನನ್ನು ಕೊಂದ ವರ್ದಾನಿ’ ಎಂದು ಬೀದಿಯಲ್ಲಿ ಹಾಡು ಕಟ್ಟಿದರು. ಮರಣದಂಡನೆಗೆ ಸಮ್ಮತಿ ಕೊಡಲು ಈಜಿಪ್ಟಿನ ಮುಫ್ತಿ, ಅಂದರೆ ಇಸ್ಲಾಮಿ ಕಾನೂನಿನ ಹಿರಿಯ ಪಂಡಿತ, ನಿರಾಕರಿಸಿದ. 1911ರಲ್ಲಿ ಕಾಪ್ಟರು ಅಸ್ಯೂತ್‌ನಲ್ಲಿ ಸಮ್ಮೇಳನ ನಡೆಸಿದರೆ, ಅದಕ್ಕೆ ಎದುರಾಗಿ ಹೆಲಿಯೊಪೊಲಿಸ್‌ನಲ್ಲಿ ಇನ್ನೊಂದು ನಡೆಯಿತು. ಕೋರ್ಟಿನಲ್ಲಿ ವರ್ದಾನಿಯ ಪರ ನಿಂತ ವಕೀಲ ಇಬ್ರಾಹಿಂ ಅಲ್-ಹಿಲ್ಬಾವಿ, ದಿನ್ಶವಾಯ್ ರೈತರ ವಿರುದ್ಧ ಸರ್ಕಾರದ ಪರ ವಾದಿಸಿದ್ದವನೇ! ವರ್ದಾನಿಗೆ ನೇಣಾದದ್ದು 1910ರ ಜೂನ್ 28ರಂದು, ದಿನ್ಶವಾಯ್ ನೇಣುಗಳಾಗಿ ಸರಿಯಾಗಿ ನಾಲ್ಕು ವರ್ಷಕ್ಕೆ. ಕಾಲುವೆಯ ಪ್ರಸ್ತಾಪವನ್ನು ಅಷ್ಟರಲ್ಲಾಗಲೇ ಈಜಿಪ್ಟಿನ ಮಹಾಸಭೆ (ಜನಪ್ರತಿನಿಧಿಗಳ ಸಭೆ) ತಿರಸ್ಕರಿಸಿತ್ತು.

ಧರ್ಮದ ಕಥೆಯನ್ನೇ ಹಿಡಿದು ಕೂತವರು ಘಾಲಿಯ ಮಗ ವಾಸಿಫ್‌ನನ್ನು ಎಲ್ಲಿ ಕೂರಿಸುತ್ತಾರೋ ನೋಡಬೇಕು. ಆತ ಬ್ರಿಟಿಷರಿಂದ ಸ್ವಾತಂತ್ರ್ಯ ಕೇಳುತ್ತಿದ್ದ ಸಾದ್ ಜಗ್ಲೂಲನ ವಫ್ದ್ ಪಕ್ಷ ಸೇರಿದ. 1922ರಲ್ಲಿ ಬ್ರಿಟಿಷ್ ಸೇನಾ ನ್ಯಾಯಾಲಯ ಮುಸ್ಲಿಂ ಸಂಗಾತಿಗಳ ಜೊತೆ ಆತನಿಗೂ ಮರಣದಂಡನೆ ವಿಧಿಸಿ, ಆಮೇಲೆ ಅದನ್ನು ಜೈಲು ಶಿಕ್ಷೆಗೆ ಇಳಿಸಿತು. 1924ರಲ್ಲಿ ಜಗ್ಲೂಲ್ ಪ್ರಧಾನಿಯಾದಾಗ ವಾಸಿಫ್‌ಗೆ ಸಿಕ್ಕಿದ್ದು ಅಪ್ಪನ ಹಳೆಯ ವಿದೇಶಾಂಗ ಖಾತೆ.