ನಿಜವಾದ ನಿರಾಶ್ರಿತರು ಯಾರು ಅಂತ ಹೇಗೆ ತೀರ್ಮಾನ ಮಾಡ್ತಾರೆ?

ಕುಶಾಲನಗರದ ನಮ್ಮ ಮನೆಗೆ ನೆಂಟರು ಬಂದರೆ ಕಾವೇರಿ ಸೇತುವೆ ದಾಟಿ ಟಿಬೆಟಿಯನ್ನರಿರುವ ಬೈಲಕುಪ್ಪೆಗೆ ಕರೆದುಕೊಂಡು ಹೋಗುತ್ತೇನೆ. ವಾಪಸ್ ಬರುವಾಗ ಯಾರಾದರೊಬ್ಬರು ಮೇಲಿನ ಪ್ರಶ್ನೆ ಕೇಳೇ ಕೇಳುತ್ತಾರೆ. ದೆಹಲಿಯಲ್ಲಿ ನಿರಾಶ್ರಿತರ ಅರ್ಜಿಗಳನ್ನು ನೋಡುತ್ತಿದ್ದ ವಕೀಲರ ಬಳಿ ಕೆಲಸ ಮಾಡಿದ್ದೇನೆ, ಅದಕ್ಕೆ.

ಬೈಲಕುಪ್ಪೆಯ ಕಥೆ ಬೇರೆ. 1961ರಲ್ಲಿ ಅಲ್ಲಿ ನೆಲೆಸಿದ ಟಿಬೆಟಿಯನ್ನರನ್ನು ಸರ್ಕಾರ ಒಂದು ಸಮುದಾಯವಾಗಿಯೇ ಸೇರಿಸಿಕೊಂಡಿತು. ಆದರೆ 1951ರ ಅಂತಾರಾಷ್ಟ್ರೀಯ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಅಫ್ಘಾನಿಸ್ತಾನದಿಂದಲೋ ಮ್ಯಾನ್ಮಾರ್‌ನಿಂದಲೋ ದೆಹಲಿಗೆ ಬಂದವರ ಅರ್ಜಿಯನ್ನು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಒಂದೊಂದಾಗಿ ವಿಚಾರಿಸುತ್ತದೆ.

ಆ ಒಪ್ಪಂದದ ಪ್ರಕಾರ ಕಷ್ಟ ಇದ್ದರಷ್ಟೇ ಸಾಲದು. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ಇಲ್ಲವೇ ಯಾವುದೋ ಒಂದು ಸಾಮಾಜಿಕ ಗುಂಪಿಗೆ ಸೇರಿದ್ದು, ಇವುಗಳಲ್ಲಿ ಒಂದರ ಕಾರಣಕ್ಕೆ ಊರಿಗೆ ಮರಳಿದರೆ ಹಿಂಸೆಯಾಗುತ್ತದೆ ಎಂಬ ಭಯಕ್ಕೆ ಆಧಾರ ಇರಬೇಕು. 2018ರಲ್ಲಿ ಕೊಡಗಿನಲ್ಲಿ ಬರೆ, ಅಂದರೆ ಗುಡ್ಡದ ಇಳಿಜಾರು, ಕುಸಿದು ಮನೆ ಕಳೆದುಕೊಂಡ ನಮ್ಮವರನ್ನೂ ನಿರಾಶ್ರಿತರು ಅಂತಲೇ ಕರೆದೆವು. ಆ ಒಪ್ಪಂದದ ಲೆಕ್ಕದಲ್ಲಿ ಅವರು ನಿರಾಶ್ರಿತರಲ್ಲ.

ಮುಖ ನೋಡಿ ಸುಳ್ಳು ಹಿಡಿಯುತ್ತಾರೆ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಹಾಗೆ ಹಿಡಿಯೋಕಾಗಲ್ಲ. ಅಧಿಕಾರಿ ದುಭಾಷಿಯನ್ನು ಕೂರಿಸಿಕೊಂಡು ಗಂಟೆಗಟ್ಟಲೆ ಕೇಳುತ್ತಾರೆ. ಹೇಳಿದ್ದು ಒಂದಕ್ಕೊಂದು ಹೊಂದುತ್ತದೆಯೇ, ಆ ದೇಶದ ಬಗ್ಗೆ ಇರುವ ವರದಿಗಳಿಗೆ ತಾಳೆಯಾಗುತ್ತದೆಯೇ ಅಂತ ನೋಡುತ್ತಾರೆ. ಓಡಿಬಂದವರ ಹತ್ತಿರ ದಾಖಲೆ ಎಲ್ಲಿರುತ್ತೆ? ಉಳಿದದ್ದೆಲ್ಲ ನಂಬುವಂತಿದ್ದರೆ ಸಂಶಯದ ಲಾಭ ಅರ್ಜಿದಾರರಿಗೆ ಸಿಗಬೇಕು.

ನನಗೆ ಅತಿ ಕಷ್ಟ ಅನಿಸುವುದು ನೆನಪಿನ ವಿಷಯ. 2018ರ ಆಗಸ್ಟ್‌ನಲ್ಲಿ ಬರೆ ಕುಸಿದಾಗ ಮಕ್ಕಂದೂರಿನ ನಮ್ಮ ಚಿಕ್ಕಮ್ಮನ ಮನೆ ಹೋಯಿತು. ಎಷ್ಟು ಹೊತ್ತಿಗೆ ಅಂತ ಕೇಳಿದರೆ ಒಮ್ಮೆ ಬೆಳಗ್ಗೆ ಅನ್ನುತ್ತಾರೆ, ಒಮ್ಮೆ ಮಧ್ಯಾಹ್ನ. ಆದರೆ ಕೊಟ್ಟಿಗೆಯಲ್ಲಿ ಹಸುವಿನ ಹಗ್ಗ ನೆನೆದು ಗಂಟು ಬಿಚ್ಚಲಾಗದೆ ಕತ್ತಿಯಿಂದ ಕಡಿದದ್ದನ್ನು ಇವತ್ತಿಗೂ ಕೈಸನ್ನೆ ಮಾಡಿ ತೋರಿಸುತ್ತಾರೆ. ಹೊತ್ತು ತಪ್ಪಿತು ಅಂತ ಅವರು ಸುಳ್ಳು ಹೇಳಿದ ಹಾಗಾಗಲಿಲ್ಲ, ಅಲ್ವಾ? ಹೆದರಿದವರಿಗೆ ನೆನಪು ಉಳಿಯುವುದೇ ಹಾಗೆ. ಅದನ್ನು ಬಲ್ಲ ಅಧಿಕಾರಿ ಸಿಗುವುದು ಅರ್ಜಿದಾರರಿಗೆ ತುಂಬಾ ದೊಡ್ಡದು.

ತಾರೀಖಿನಲ್ಲಿ ಇನ್ನೊಂದು ತೊಡಕೂ ಇದೆ. ಒಬ್ಬ ಅಫ್ಘಾನ್ ಹೆಂಗಸು 1400ರ ಚಳಿಗಾಲದಲ್ಲಿ ಮನೆ ಬಿಟ್ಟೆ ಅಂದಿದ್ದರು. ಅವರ ಸೌರ ಪಂಚಾಂಗದ 1400 ಅಂದರೆ ನಮ್ಮ 2021ರ ಮಾರ್ಚ್‌ನಿಂದ 2022ರ ಮಾರ್ಚ್‌ವರೆಗೆ. ಒಂದು ಅನುವಾದದಲ್ಲಿ 2021 ಅಂತ ಬಂತು, ಇನ್ನೊಂದರಲ್ಲಿ 2022. ಅವರು ಎರಡೂ ಸಲ ಹೇಳಿದ್ದು ಒಂದೇ ಮಾತು. ನಾವು ಎರಡು ಪಂಚಾಂಗದ ತಿಂಗಳುಗಳನ್ನೂ ಪಕ್ಕಪಕ್ಕ ಬರೆದು ಫೈಲಿಗೆ ಸೇರಿಸಿದೆವು.